ಒಳಗೇನಿದೆ ಎಂದು ಕೇಳದವರು

ನಮ್ಮ ಕಡೆಯ ಕಂಪ್ಯೂಟರ್ ರಿಪೇರಿಯವರಲ್ಲಿ ಬಹುಮಂದಿಗೆ ಗೊತ್ತಿರುವುದು ಒಂದೇ ಔಷಧಿ. ಹಾಸನವಾಗಲಿ, ಅರಕಲಗೂಡಾಗಲಿ, ಯಂತ್ರ ನಿಧಾನವಾಗಿದೆ ಎನ್ನಿ, ಪರದೆ ನೀಲಿಯಾಯಿತು ಎನ್ನಿ, ಡಿಸ್ಕ್ ಎರರ್ ಬಂತು ಎನ್ನಿ, ಉತ್ತರ ಮಾತ್ರ ಒಂದೇ: “ಫಾರ್ಮ್ಯಾಟ್ ಹೊಡೀಬೇಕು ಅಕ್ಕ.” ಹೊಡೆಯುವುದು! ಆ ಕ್ರಿಯಾಪದವೇ ಎಲ್ಲವನ್ನೂ ಹೇಳುತ್ತದೆ. ತಲೆನೋವೆಂದು ಹೋದವರ ತಲೆ ಬೋಳಿಸಿ ಕಳಿಸುವ ವೈದ್ಯನನ್ನು ನಾವು ಸಹಿಸುತ್ತಿದ್ದೆವೇ?

ಈ ಮಾತು ಈಚೆಗೆ ಹೆಚ್ಚಾಗಿ ಕಿವಿಗೆ ಬೀಳುತ್ತಿರುವುದಕ್ಕೆ ಕಾರಣವಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲು ಬೆಂಬಲವನ್ನು ನಿಲ್ಲಿಸಿತು. ಮಾರನೆಯ ದಿನವೇ ಯಂತ್ರಗಳೇನೂ ಸತ್ತುಬೀಳಲಿಲ್ಲ. ಆದರೂ ಎಲ್ಲರೂ ಗಾಬರಿಬಿದ್ದು ವಿಂಡೋಸ್ 11 ಹಾಕಿಸಿಕೊಳ್ಳಲು ಓಡಿದರು. ಹಾಕಿಸಿದ ಕೆಲವು ದಿನಕ್ಕೆ ಒಂದಷ್ಟು ಮನೆಗಳಲ್ಲಿ ಹಾರ್ಡ್‌ಡಿಸ್ಕ್ ಕೆಟ್ಟಿದೆ ಎಂಬ ಎಚ್ಚರಿಕೆ ಬರತೊಡಗಿತು. ಹೊಸ ವಿಂಡೋಸೇ ಡಿಸ್ಕನ್ನು ತಿಂದಿತು ಎಂದು ಅಂಗಡಿಯವರು ಕೈ ತೊಳೆದುಕೊಂಡರು.

ಕಂಪನಿಯ ಮೇಲೆ ನನಗೇನೂ ಮಮತೆಯಿಲ್ಲ. 2018ರ ಅಕ್ಟೋಬರ್‌ನಲ್ಲಿ ಅದು ಬಿಟ್ಟ ಒಂದು ಅಪ್‌ಡೇಟು ಕೆಲವರ ಫೈಲುಗಳನ್ನೇ ಅಳಿಸಿಹಾಕಿ, ಕೆಲವೇ ದಿನಗಳಲ್ಲಿ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಆದರೆ ಹೆಚ್ಚಿನ ಸಲ ನಡೆಯುವುದು ಬೇರೆ. ಹಾಸನದ ಆಲೂಗಡ್ಡೆ ಮೂಟೆಯನ್ನು ಸುರಿದಾಗ ತಳದಲ್ಲಿ ನಾಲ್ಕು ಕೊಳೆತದ್ದು ಕಂಡರೆ ಸುರಿದದ್ದರಿಂದ ಕೊಳೆಯಿತು ಎನ್ನುತ್ತೇವೆಯೇ? ವಿಂಡೋಸ್ ಬದಲಾಯಿಸುವಾಗ ಡಿಸ್ಕಿನಲ್ಲಿ ಹತ್ತಾರು ಗಿಗಾಬೈಟು ಓದಿ ಬರೆಯುವ ಕೆಲಸ ನಡೆಯುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟದ ಮೂಲೆಗಳನ್ನು ಅದು ಮುಟ್ಟುತ್ತದೆ. ಅಲ್ಲಿ ಮೊದಲೇ ಸವೆದ ಜಾಗವಿದ್ದರೆ ಆಗ ಬಯಲಾಗುತ್ತದೆ.

ಹೊಳೆನರಸೀಪುರದಲ್ಲಿರುವ ನಮ್ಮಕ್ಕನ ಕಂಪ್ಯೂಟರಿಗೂ ಆದದ್ದು ಇದೇ. ಆನ್ ಮಾಡುತ್ತಲೇ ಕಪ್ಪು ಪರದೆಯ ಮೇಲೆ ಒಂದು ಸಾಲು: “ಸ್ಮಾರ್ಟ್ ಸ್ಟೇಟಸ್ ಬ್ಯಾಡ್, ಬ್ಯಾಕಪ್ ಅಂಡ್ ರೀಪ್ಲೇಸ್.” ಸ್ಮಾರ್ಟ್ ಎಂದರೆ ಡಿಸ್ಕು ತನ್ನ ನಾಡಿಯನ್ನು ತಾನೇ ನೋಡಿಕೊಳ್ಳುವ ವ್ಯವಸ್ಥೆ. ಪಾಪ, ಸಾಯುತ್ತಿರುವ ಯಂತ್ರವೇ ಬಾಯಿಬಿಟ್ಟು ಹೇಳುತ್ತಿದೆ, ಮೊದಲು ನಕಲು ತೆಗೆದುಕೊಳ್ಳಿ, ಆಮೇಲೆ ನನ್ನನ್ನು ಬದಲಾಯಿಸಿ ಎಂದು. ಅಂಗಡಿಯ ಹುಡುಗ ಅದನ್ನು ಓದಿಯೂ ಫಾರ್ಮ್ಯಾಟ್ ಹೊಡೆದು, ಅದೇ ಡಿಸ್ಕಿಗೆ ಮತ್ತೆ ವಿಂಡೋಸ್ ತುಂಬಿ ಕೊಟ್ಟ. ಸ್ತ್ರೀಶಕ್ತಿ ಸಂಘದ ಒಂಬತ್ತು ವರ್ಷದ ಸಾಲ, ಉಳಿತಾಯದ ಲೆಕ್ಕ ಹೋಯಿತು. ತೀರಿಕೊಂಡ ನಮ್ಮಮ್ಮ ಹಾಡಿದ ಸೋಬಾನೆ ಪದಗಳು ಹೋದವು. ಎರಡು ವಾರಕ್ಕೆ ಡಿಸ್ಕೂ ಹೋಯಿತು. ಅಕ್ಕ ಕೇಳಲು ಹೋದಾಗ ಬಂದ ಉತ್ತರ: “ಫೋಟೋ, ಹಾಡು ತಾನೇ ಅಕ್ಕ? ಆಫೀಸಿಂದು ಏನೂ ಇರಲಿಲ್ವಲ್ಲ?”

ನನ್ನ ಜಗಳ ಈ ಮಾತಿನ ಮೇಲೆ. ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಯಂತ್ರ ತಂದಿಟ್ಟರೆ ಮೊದಲ ಪ್ರಶ್ನೆ “ಟ್ಯಾಲಿ ಡೇಟಾ ಇದೆಯಾ ಸಾರ್?” ಎಂದು. ಹೆಂಗಸು ತಂದಿಟ್ಟರೆ ಒಳಗೇನಿದೆ ಎಂದು ಕೇಳುವವರೇ ಇಲ್ಲ. ಸಂಘದ ಲೆಕ್ಕ ಲೆಕ್ಕವಲ್ಲವೇ? “ನೀವ್ಯಾಕೆ ಬ್ಯಾಕಪ್ ಇಟ್ಕೊಂಡಿರಲಿಲ್ಲ?” ಎಂದು ತಿರುಗಿ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಸರಿ. ಆದರೆ ಅಳಿಸುವ ಮೊದಲು ಕೇಳಬೇಕಿತ್ತು.

ತಿಳಿದು ಮಾಡುವವರಿಗೆ ಇದರಲ್ಲಿ ಗುಟ್ಟೇನಿಲ್ಲ. ಡಿಸ್ಕು ಕಟಕಟ ಎಂದರೆ ತಕ್ಷಣ ಆರಿಸಬೇಕು. ಸದ್ದಿಲ್ಲದಿದ್ದರೆ ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿ, ಫೈಲುಗಳನ್ನು ಹೊರಗಿನ ಡಿಸ್ಕಿಗೆ ತೆಗೆದಿಡಬೇಕು. ಕೇಬಲ್ ಸಡಿಲವಾಗಿದೆಯೇ ನೋಡುವುದು, ಕ್ರಿಸ್ಟಲ್ ಡಿಸ್ಕ್ ಇನ್ಫೋದಂಥ ಪುಕ್ಕಟೆ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ನೋಡುವುದು, ಇವಕ್ಕೆ ಹತ್ತು ನಿಮಿಷ ಸಾಕು. ಚೆಕ್‌ಡಿಸ್ಕ್ ಓಡಿಸುವುದು ನಕಲು ತೆಗೆದ ಮೇಲೆ. ಕೊನೆಯುಸಿರಿನಲ್ಲಿರುವ ಡಿಸ್ಕಿನ ಮೇಲೆ ಅದನ್ನು ಗಂಟೆಗಟ್ಟಲೆ ಓಡಿಸಿದರೆ ಇದ್ದ ಜೀವವೂ ಹೋದೀತು. ನೀಲಿ ಪರದೆಯಲ್ಲಿ 48 ಅಂಕಿಯ ಕೀಲಿ ಕೇಳಿದರಂತೂ ಅದು ಡಿಸ್ಕ್ ಕೆಟ್ಟದ್ದೇ ಅಲ್ಲ, ಬಿಟ್‌ಲಾಕರ್ ಬೀಗ. ಆ ಕೀಲಿ ಬಹಳ ಸಲ ನಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಸಿಗುತ್ತದೆ. ಅದಕ್ಕೂ ಫಾರ್ಮ್ಯಾಟ್ ಹೊಡೆದವರಿದ್ದಾರೆ! ಹೊಸ ವಿಂಡೋಸ್ ಒಗ್ಗದಿದ್ದರೆ ಮಾಮೂಲಾಗಿ 10 ದಿನದೊಳಗೆ ಹಳೆಯದಕ್ಕೆ ಮರಳುವ ದಾರಿ ಸೆಟ್ಟಿಂಗ್ಸಿನಲ್ಲೇ ಇದೆ.

ಒಂದು ವೇಳೆ ಹೊಡೆದೇಬಿಟ್ಟರೂ ಎಲ್ಲ ಮುಗಿದಂತಲ್ಲ. ತಟ್ಟೆ ತಿರುಗುವ ಹಳೆಯ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಎಂದರೆ ವಿಳಾಸಪಟ್ಟಿ ಹರಿದಂತೆ. ಫೈಲುಗಳು ಅಲ್ಲೇ ಇರುತ್ತವೆ. ಅದರ ಮೇಲೆ ಹೊಸದನ್ನು ತುಂಬಿದಾಗಲೇ ಮುಚ್ಚಿಹೋಗುವುದು. ಹಾಗಾಗಿ ಅಲ್ಲಿಗೇ ನಿಲ್ಲಿಸಿ ಎಂದು ಗಟ್ಟಿಯಾಗಿ ಹೇಳಿ. ಎಸ್‌ಎಸ್‌ಡಿಯಾದರೆ ಆ ಆಸೆ ಬಹುಪಾಲು ಇಲ್ಲ.

ನಕಲು ತೆಗೆಯಲು ಹೊತ್ತು ಹಿಡಿಯುತ್ತದೆ, ಗಿರಾಕಿ ದುಡ್ಡು ಕೊಡುವುದಿಲ್ಲ ಎನ್ನುತ್ತಾರೆ. ಕೇಳಿ ನೋಡಿದ್ದಾರೆಯೇ? ಬಿಲ್ಲಿನಲ್ಲಿ ಅದಕ್ಕೂ ಒಂದು ಸಾಲು ಇರಲಿ, ಕೂಲಿ ಬರೆಯಲಿ, ಕೊಡುತ್ತೇವೆ. ಅಳಿಸುವ ಮೊದಲು ಚೀಟಿಯ ಮೇಲೆ ನಮ್ಮ ರುಜು ಹಾಕಿಸಿಕೊಳ್ಳಲಿ. ಹೊಸ ಡಿಸ್ಕ್ ಹಾಕಿದರೆ ಹಳೆಯದನ್ನು ಚೀಲದಲ್ಲಿ ಕಟ್ಟಿ ನಮ್ಮ ಕೈಗೆ ಕೊಡಲಿ.