ನೂರರಿಂದ ಸೊನ್ನೆಗೆ ಎಷ್ಟು ದೂರ?

ಹೊಸ ಮೋಟಾರು ಗಾಡಿಯೊಂದು ಮನೆಗೆ ಬಂದಿತೆಂದರೆ ತರುಣರು ಕೇಳುವ ಮೊದಲನೆಯ ಪ್ರಶ್ನೆ ಒಂದೇ: ‘ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು?’ ನಿಂತ ಗಾಡಿ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಪಡೆಯಲು ಹಿಡಿಯುವ ಕಾಲವೇ ಇಂದು ಗಾಡಿಯ ಹಿರಿಮೆಗೆ ಅಳತೆಗೋಲಾಗಿದೆ. ಸೂಪರ್‌ಕಾರುಗಳ ವರ್ಣನೆಗಳು ಸಾಮಾನ್ಯವಾಗಿ ಈ ಅಂಕಿಯಿಂದಲೇ ಮೊದಲಾಗುತ್ತವೆ. 1990ರ ದಶಕದಲ್ಲಿ ಹೆಸರಾದ ಮೆಕ್‌ಲಾರನ್ ಎಫ್ 1 ಕಾರಿಗೆ ಮೂರು ಸೆಕೆಂಡಿಗಿಂತ ತುಸು ಹೆಚ್ಚು ಬೇಕಾಗುತ್ತಿತ್ತು. ಕ್ರೊಯೇಷಿಯ ದೇಶದ ರಿಮಾಟ್ಸ್ ನೆವೆರಾ ಎಂಬ ವಿದ್ಯುತ್ ಕಾರಿಗೆ ಎರಡು ಸೆಕೆಂಡೂ ಬೇಡ. ಬುಗಾಟಿ ವೇರಾನ್ 2005ರಲ್ಲಿಯೇ ಗಂಟೆಗೆ 400 ಕಿ.ಮೀ. ವೇಗವನ್ನು ದಾಟಿತು. ಇವು ಮೆಚ್ಚತಕ್ಕ ಸಾಧನೆಗಳೇ ಸರಿ. ಆದರೆ ಇಷ್ಟನ್ನೇ ಹೇಳಿ ಸುಮ್ಮನಾದರೆ ಲೆಕ್ಕದ ಅರ್ಧವನ್ನು ಮುಚ್ಚಿಟ್ಟಂತಾಗುವುದೆಂದು ನಮ್ಮ ಅಭಿಪ್ರಾಯ.

ನಾವು ಈಚೆಗೆ ಕೊಂಡದ್ದು ಸೂಪರ್‌ಕಾರಲ್ಲ. ಅಧ್ಯಾಪಕರ ಸಂಬಳಕ್ಕೆ ಎಟುಕುವ ಸಾಧಾರಣ ವಿದ್ಯುತ್ ಕಾರು. ಅದನ್ನು ಮೊದಲ ಸಲ ಶಿವಮೊಗ್ಗೆಯಿಂದ ಭದ್ರಾವತಿಗೆ, ಎಂದರೆ ತುಂಗೆಯ ದಡದಿಂದ ಭದ್ರೆಯ ದಡಕ್ಕೆ, ಸುಮಾರು 20 ಕಿ.ಮೀ. ದೂರ ನಡೆಸಿ ನೋಡಿದೆವು. ಮೊದಲು ಮನಸ್ಸಿಗೆ ಬಂದದ್ದು ಅದರ ಮೌನ. ಎರಡನೆಯದು, ಪಾದವನ್ನು ಒತ್ತಿದ ಕ್ಷಣದಲ್ಲಿಯೇ ಬೆನ್ನು ಆಸನಕ್ಕೆ ಅಂಟಿಕೊಳ್ಳುವಂತಹ ಸೆಳೆತ. ಪೆಟ್ರೋಲ್ ಯಂತ್ರ ತನ್ನ ಪೂರ್ಣ ತಿರುಗುಬಲವನ್ನು ಪಡೆಯಬೇಕಾದರೆ ಮೊದಲು ತಕ್ಕಷ್ಟು ವೇಗವಾಗಿ ಸುತ್ತಬೇಕು. ಅದಕ್ಕಾಗಿಯೇ ಕ್ಲಚ್ಚು, ಗೇರುಗಳ ಏರ್ಪಾಡು. ವಿದ್ಯುತ್ ಮೋಟಾರಾದರೋ ನಿಂತಲ್ಲಿಯೇ ಆ ಬಲವನ್ನು ಕೊಡಬಲ್ಲುದು. ಹೀಗೆ, ಒಂದು ಕಾಲದಲ್ಲಿ ಸಿರಿವಂತರ ಓಟದ ಗಾಡಿಗಳಿಗೆ ಮೀಸಲಾಗಿದ್ದ ಚುರುಕುತನದ ಒಂದು ಪಾಲು ಇಂದು ಮನೆವಾರ್ತೆಯ ಗಾಡಿಗೂ ಬಂದಿದೆ. ಗಾಡಿ ಬದಲಾಯಿತು, ರಸ್ತೆಯಾಗಲಿ, ಅದರ ಮೇಲೆ ನಡೆಯುವ ಜನ ದನಗಳಾಗಲಿ, ನಮ್ಮ ಕಣ್ಣು ಕೈಗಳಾಗಲಿ ಬದಲಾಗಲಿಲ್ಲ. ವಿಷಯ ಗಂಭೀರವಾಗುವುದು ಇಲ್ಲಿಯೇ.

ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸಿ ಹೆಚ್ಚುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಈ ನಿಯಮವನ್ನು ಬಾಯಿಪಾಠ ಮಾಡದ ವಿದ್ಯಾರ್ಥಿಯಿಲ್ಲ. ಅದರ ಅರ್ಥವನ್ನು ಮನಗಾಣಲು ನಮ್ಮ ಜಿಲ್ಲೆಯ ಜೋಗಕ್ಕೆ ಹೋದರೆ ಸಾಕು. ಅಲ್ಲಿ ಶರಾವತಿ 253 ಮೀಟರ್ ಆಳಕ್ಕೆ ಧುಮುಕುತ್ತದೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಅಷ್ಟು ಎತ್ತರದಿಂದ ಬಿದ್ದ ವಸ್ತು ತಳ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 253 ಕಿ.ಮೀ. ಆಗುತ್ತದೆ. (ಎರಡು ಅಂಕಿಗಳೂ ಒಂದೇ ಆಗಿರುವುದು ಕೇವಲ ಆಕಸ್ಮಿಕ.) ಗಂಟೆಗೆ 100 ಕಿ.ಮೀ. ಓಡುವ ಗಾಡಿಯಲ್ಲಿರುವ ಶಕ್ತಿ, ಅದೇ ಗಾಡಿ 39 ಮೀಟರ್ ಎತ್ತರದಿಂದ ಬಿದ್ದಾಗ ಪಡೆಯುವ ಶಕ್ತಿಗೆ ಸಮ. 400 ಕಿ.ಮೀ. ವೇಗಕ್ಕೆ ಆ ಎತ್ತರ 630 ಮೀಟರ್. ಎಂದರೆ ಎರಡೂವರೆ ಜೋಗ!

ಇಷ್ಟು ಶಕ್ತಿಯನ್ನು ಕೂಡಿಸುವುದು ಸುಲಭ. ಹೆಚ್ಚು ಬಲದ ಮೋಟಾರನ್ನು ಕೊಂಡರಾಯಿತು. ಕಳೆಯುವುದು ಹಾಗಲ್ಲ. ನೂರು ಅಶ್ವಶಕ್ತಿಯ ಗಾಡಿಯಾಗಲಿ ಸಾವಿರ ಅಶ್ವಶಕ್ತಿಯ ಗಾಡಿಯಾಗಲಿ, ನಮ್ಮ ರಸ್ತೆಗಳ ವೇಗದಲ್ಲಿ ಅದನ್ನು ನಿಲ್ಲಿಸುವುದು ಮುಖ್ಯವಾಗಿ ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಒಣ ರಸ್ತೆಯಲ್ಲಿ ಘರ್ಷಣೆಯ ಗುಣಾಂಕ 0.7 ಎಂದೂ, ಅಪಾಯವನ್ನು ಕಂಡು ಬ್ರೇಕನ್ನು ಒತ್ತಲು ಒಂದು ಸೆಕೆಂಡು ಎಂದೂ ಹಿಡಿಯೋಣ. ಗಂಟೆಗೆ 50 ಕಿ.ಮೀ. ವೇಗದ ಗಾಡಿ 28 ಮೀಟರಿನೊಳಗೆ ನಿಲ್ಲುತ್ತದೆ, 100 ಕಿ.ಮೀ. ವೇಗದ್ದಕ್ಕೆ 84 ಮೀಟರ್ ಬೇಕು. ಮಲೆನಾಡಿನ ಮಳೆಯಲ್ಲಿ ಗುಣಾಂಕ 0.4ಕ್ಕೆ ಇಳಿಯಿತೆಂದರೆ 126 ಮೀಟರ್. ವಿದ್ಯುತ್ ಕಾರಿನಲ್ಲಿ ಪಾದವನ್ನು ತೆಗೆದೊಡನೆ ಮೋಟಾರೇ ಡೈನಮೋ ಆಗಿ ವೇಗವನ್ನು ತಗ್ಗಿಸಿ, ಶಕ್ತಿಯ ಒಂದು ಭಾಗವನ್ನು ಬ್ಯಾಟರಿಗೆ ಹಿಂದಿರುಗಿಸುವುದು ಸೊಗಸಾದ ಏರ್ಪಾಡು. ಆದರೂ ಘರ್ಷಣೆಯ ಮಿತಿಯನ್ನು ಅದೂ ಮೀರಲಾರದು.

ಇಷ್ಟಕ್ಕೆ ಪ್ರತಿಯಾಗಿ ನಮಗೆ ದೊರೆಯುವುದೇನು? ಶಿವಮೊಗ್ಗೆಯಿಂದ ಭದ್ರಾವತಿಗೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ 20 ನಿಮಿಷ. ಎಲ್ಲಿಯೂ ನಿಲ್ಲದೆ 100 ಕಿ.ಮೀ. ವೇಗದಲ್ಲಿ ಹೋದರೆ 12 ನಿಮಿಷ. ಎಂಟು ನಿಮಿಷದ ಉಳಿತಾಯಕ್ಕಾಗಿ ಗಾಡಿಯಲ್ಲಿ ಸುಮಾರು 2.8ರಷ್ಟು ಚಲನಶಕ್ತಿಯನ್ನು ಹೊತ್ತು ಸಾಗುತ್ತೇವೆ. ಸಂತೆಯಿಂದ ಬರುವ ಮುದುಕಿಯೊಬ್ಬಳು ರಸ್ತೆ ದಾಟುವಾಗ, ಸದ್ದಿಲ್ಲದೆ ಬರುವ ಆ ಗಾಡಿಯ ಲೆಕ್ಕದಲ್ಲಿ ಅವಳಿಗೆ ಯಾವ ಲಾಭವೂ ಇಲ್ಲ, ನಷ್ಟವೆಲ್ಲ ಅವಳದೇ.

ಹಾಗಾದರೆ ಸೂಪರ್‌ಕಾರುಗಳಿಂದ ಪ್ರಯೋಜನವೇ ಇಲ್ಲವೆ ಎಂದು ಕೇಳಬಹುದು. ಇಲ್ಲವೆಂದರೆ ಅನ್ಯಾಯವಾದೀತು. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಓಟವನ್ನು ಜಾಗ್ವಾರ್ ಸಿ-ಟೈಪ್ ಗೆದ್ದಿತು. ಅದರ ಗೆಲುವಿಗೆ ಬಹುಮಟ್ಟಿಗೆ ಕಾರಣವಾದುದು ತಟ್ಟೆಯಾಕಾರದ ಹೊಸ ಡಿಸ್ಕ್ ಬ್ರೇಕು. ಚೆನ್ನಾಗಿ ನಿಲ್ಲಬಲ್ಲ ಗಾಡಿ ತಿರುವಿನ ಹತ್ತಿರದವರೆಗೂ ವೇಗವಾಗಿ ಓಡಬಲ್ಲುದು. ಆ ಬ್ರೇಕು ಇಂದು ನಮ್ಮ ಬೀದಿಯ ಬೈಕುಗಳಲ್ಲಿಯೂ ಉಂಟು. ಸಾಧಾರಣ ಕಾರುಗಳ ಬ್ರೇಕಿನ ತಟ್ಟೆ ಎರಕದ ಕಬ್ಬಿಣದ್ದು. 1923ರಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಇದ್ದಿಲಿನ ಕುಲುಮೆಯಿಂದ ಹರಿಸಿದ ಬೀಡುಕಬ್ಬಿಣದ ವಂಶಕ್ಕೆ ಸೇರಿದ್ದು. ಓಟದ ಕಣದಿಂದ ನಾವು ಪಡೆದ ಬಹು ದೊಡ್ಡ ವರಗಳಲ್ಲಿ ಒಂದು, ನಿಲ್ಲುವ ವಿದ್ಯೆ.

ಆದುದರಿಂದ ನಮ್ಮ ಸೂಚನೆಗಳು ಮೂರು. ಗಾಡಿಯ ಜಾಹೀರಾತಿನಲ್ಲಿ ಓಟದ ಅಂಕಿಯ ಪಕ್ಕದಲ್ಲಿಯೇ, ಅದೇ ಗಾತ್ರದ ಅಕ್ಷರಗಳಲ್ಲಿ, ಒಣ ಮತ್ತು ಒದ್ದೆ ರಸ್ತೆಗಳಲ್ಲಿ ಅದು ನಿಲ್ಲುವ ದೂರವನ್ನೂ ಅಚ್ಚು ಹಾಕಬೇಕು. ಚಾಲನೆಯ ಪರವಾನಗಿಯನ್ನು ಬೇಡುವವರೆಲ್ಲರೂ ಈ ಲೆಕ್ಕವನ್ನು ಬಾಯಲ್ಲಿ ಹೇಳಬಲ್ಲವರಾಗಿರಬೇಕು. ಭೌತವಿಜ್ಞಾನದ ಪಾಠ ಕರಿಹಲಗೆಯನ್ನು ಬಿಟ್ಟು ಬಯಲಿಗೆ ಬರಬೇಕು.

ಮೂರನೆಯದಕ್ಕೆ ಯಾರ ಅಪ್ಪಣೆಯೂ ಬೇಡ. ತರುಣ ವಾಚಕರು ನಾಲ್ಕು ಜನ ಗೆಳೆಯರೊಡನೆ ಕಾಲೇಜಿನ ಮೈದಾನಕ್ಕೆ ಹೋಗಿ, 84 ಮೀಟರ್ ಅಳೆದು, ಎರಡು ತುದಿಗಳಲ್ಲಿಯೂ ಒಂದೊಂದು ಗೂಟ ನೆಡಲಿ. ಬಳಿಕ ಒಬ್ಬನನ್ನು ಆಚೆಯ ಗೂಟದ ಬಳಿ ನಿಲ್ಲಿಸಿ, ಈಚೆಯ ಗೂಟದಿಂದ ಅವನು ಎಷ್ಟು ಚಿಕ್ಕವನಾಗಿ ಕಾಣುತ್ತಾನೆಂದು ನೋಡಲಿ.