ಮೂರು ಕಿಲೋಮೀಟರ್ ಸ್ಪೀಡಿನ ರೇಸ್ ಕಾರು

ನಿಮಗೊಂದು ಗುಟ್ಟು ಹೇಳ್ತೀನಿ. ಕಾರು ಪತ್ರಿಕೆಗಳಲ್ಲಿ ಎರಡು ಪುಟದ ತುಂಬ ಹರಡಿಕೊಂಡ ಫೋಟೋ ನೋಡಿರ್ತೀರಲ್ಲ? ಕಾರು ಮಾತ್ರ ಕನ್ನಡಿಯಷ್ಟು ಸ್ಪಷ್ಟ, ಸುತ್ತಲಿನ ರಸ್ತೆ, ಗೋಡೆ, ಮರ ಎಲ್ಲ ಗೆರೆಗೆರೆಯಾಗಿ ಹಿಂದಕ್ಕೆ ಓಡ್ತಾ ಇರುತ್ತೆ. ಅಂಥದ್ದೊಂದು ಫೋಟೋ ನಾನೂ ತೆಗೆದಿದ್ದೀನಿ. ಅದರಲ್ಲಿರೋದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 2017ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದಾಗಲೇ 230 ಅಶ್ವಶಕ್ತಿ ಇದ್ದ ಸೆಡಾನ್. ಈ ಓನರ್ ಅದಕ್ಕೆ ಸಾಲದು ಅಂತ ಇನ್ನಷ್ಟು ಸೇರಿಸಿದ್ದಾನೆ. ಫೋಟೋ ನೋಡಿದವರೆಲ್ಲ "ಅಬ್ಬಾ" ಅಂದರು.

ಗುಟ್ಟೇನು ಅಂದ್ರೆ, ಆ ಫೋಟೋ ತೆಗೆಯುವಾಗ ಕಾರಿನ ಎಂಜಿನ್ ಆಫ್ ಆಗಿತ್ತು. ನಾಲ್ಕು ಜನ ಹಿಂದಿನಿಂದ ಬಗ್ಗಿ ತಳ್ತಾ ಇದ್ದರು. ಸ್ಪೀಡು ಗಂಟೆಗೆ ಹೆಚ್ಚೆಂದರೆ ಮೂರು ಕಿಲೋಮೀಟರ್. ಸಂಜೆ ವಾಕಿಂಗ್ ಹೋಗೋ ನಮ್ಮ ಮನೆ ಓನರ್ ಆಂಟಿ ಅದಕ್ಕಿಂತ ಜೋರಾಗಿ ನಡೀತಾರೆ :-)

ಮೊದಲಿಂದ ಹೇಳ್ತೀನಿ. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರಿಗೆ ಬಂದು ಬಿದ್ದವನು. ವಾರವಿಡೀ ಕೋಡು, ವಾರದ ಕೊನೆಗೆ ಕ್ಯಾಮೆರಾ. ಕಾರುಗಳ ಫೋಟೋ ತೆಗೆದು ತೆಗೆದು ಗೆಳೆಯರ ಬಳಗದಲ್ಲಿ ಒಂಚೂರು ಹೆಸರಾಗಿತ್ತು. ಹೀಗಿರುವಾಗ ಒಂದು ಇಂಗ್ಲಿಷ್ ಕಾರು ಪತ್ರಿಕೆಯವರು ಫೋನ್ ಮಾಡಿ, "ಬೆಂಗಳೂರಿನ ಮೂರು ಮಾಡಿಫೈಡ್ ಸೆಡಾನುಗಳು, ಎಂಟು ಪುಟ, ಫೋಟೋ ತೆಗೆದುಕೊಡ್ತೀರಾ?" ಅಂದರು. ಕೇಳಬೇಕೇ! ದುಡ್ಡೆಷ್ಟು ಅಂತ ಕೂಡ ಕೇಳದೆ ಒಪ್ಪಿಕೊಂಡೆ. (ಕೇಳಬೇಕಿತ್ತು, ಅದು ಬೇರೆ ವಿಷಯ.)

ಮೂರು ಕಾರುಗಳಲ್ಲಿ ಒಂದು ಈ ಆಕ್ಟೇವಿಯಾ. ಇನ್ನೊಂದು ಫೋಕ್ಸ್‌ವ್ಯಾಗನ್ ವೆಂಟೋ ಟಿಎಸ್ಐ. ಅದರ ಎಂಜಿನ್ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಿದ್ದರು. ಟರ್ಬೋ ಎಷ್ಟು ಒತ್ತಡದಲ್ಲಿ ಗಾಳಿ ತುಂಬಬೇಕು, ಪೆಟ್ರೋಲ್ ಎಷ್ಟು ಹೋಗಬೇಕು, ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಅನ್ನೋ ಕೋಷ್ಟಕಗಳನ್ನು ತಿದ್ದೋದೇ ರೀಮ್ಯಾಪ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕಾನ್ಫಿಗ್ ಫೈಲ್ ಎಡಿಟ್ ಮಾಡಿದ ಹಾಗೆ. ಮೂರನೇದು 2002ರ ಹೋಂಡಾ ಸಿಟಿ ವಿಟೆಕ್. ಒಂದೂವರೆ ಲೀಟರ್ ಎಂಜಿನ್ನಿಗೆ 106 ಅಶ್ವಶಕ್ತಿ, ಆ ಕಾಲಕ್ಕೆ ನಮ್ಮ ರಸ್ತೆಗಳಲ್ಲಿ ಅದೇ ದೊಡ್ಡ ಸುದ್ದಿ. ಅಪ್ಪ ಕೊಂಡಿದ್ದ ಕಾರನ್ನು ಮಾರೋಕೆ ಮನಸ್ಸಾಗದೆ ಮಗ ಉಳಿಸಿಕೊಂಡು, ಸಂಬಳ ಬಂದಾಗೊಂದು ಭಾಗ ಅಂತ ಹೊಸದು ಮಾಡ್ತಾ ಬಂದಿದ್ದಾನೆ.

ಶೂಟಿಂಗ್ ಜಾಗ ದೇವನಹಳ್ಳಿ ಹತ್ತಿರದ ಒಂದು ಕೈಗಾರಿಕಾ ಬಡಾವಣೆ. ಅಗಲ ರಸ್ತೆ, ಅರ್ಧಂಬರ್ಧ ಕಟ್ಟಿದ ಗೋಡೆಗಳು, ಆಗಾಗ ಒಂದು ಟ್ಯಾಂಕರ್. ಬೆಳಗ್ಗೆ ಐದೂಮುಕ್ಕಾಲಿಗೆ ಕೆಲಸ ಶುರು.

ಈಗ ಆ ಫೋಟೋ ಹೇಗೆ ತೆಗೀತಾರೆ ಅಂತ ಹೇಳಿಬಿಡ್ತೀನಿ. ಎರಡು ದಾರಿ ಇವೆ. ಮೊದಲನೇದು ರಿಗ್. ಗಾಳಿ ಹೀರಿ ಅಂಟಿಕೊಳ್ಳೋ ರಬ್ಬರ್ ಬಟ್ಟಲುಗಳನ್ನು ಕಾರಿನ ಮೈಗೆ ಒತ್ತಿ, ಅದಕ್ಕೊಂದು ಉದ್ದನೆಯ ಅಲ್ಯೂಮಿನಿಯಂ ಕೊಳವೆ ಕಟ್ಟಿ, ಅದರ ತುದಿಗೆ ಕ್ಯಾಮೆರಾ. ಕಾರು ಹೋದಲ್ಲೆಲ್ಲ ಕ್ಯಾಮೆರಾನೂ ಹೋಗುತ್ತೆ, ಹಾಗಾಗಿ ಕಾರು ಸ್ಪಷ್ಟ, ಮಿಕ್ಕಿದ್ದೆಲ್ಲ ಮಸುಕು. ಎಂಜಿನ್ ಹಾಕಿದರೆ ಕೊಳವೆ ಅದುರುತ್ತೆ, ಅದಕ್ಕೇ ತಳ್ಳೋದು. ಶಟರ್ ಒಂದೂವರೆ ಸೆಕೆಂಡ್ ತೆರೆದಿದ್ದರೆ, ಮೂರು ಕಿಲೋಮೀಟರ್ ಸ್ಪೀಡಲ್ಲಿ ಕಾರು ಸುಮಾರು 125 ಸೆಂಟಿಮೀಟರ್ ಮುಂದೆ ಹೋಗಿರುತ್ತೆ. ಅಷ್ಟರಲ್ಲಿ 18 ಇಂಚಿನ ಚಕ್ರ ಅರ್ಧ ಸುತ್ತಿಗಿಂತ ಜಾಸ್ತಿ ತಿರುಗಿ ಪೂರ್ತಿ ತಟ್ಟೆಯ ಹಾಗೆ ಕಾಣುತ್ತೆ. ಆಮೇಲೆ ಫೋಟೋಶಾಪಲ್ಲಿ ಕೊಳವೆ ಅಳಿಸಿದರೆ ಮುಗೀತು, ಕಾರು ಹಾರ್ತಾ ಇದೆ!

ಎರಡನೇದು ರೋಲಿಂಗ್ ಶಾಟ್. ಇನ್ನೊಂದು ಕಾರಿನಲ್ಲಿ ಕೂತು, ಎರಡೂ ಕಾರು ಒಂದೇ ಸ್ಪೀಡಲ್ಲಿ ಹೋಗ್ತಾ ತೆಗೆಯೋದು. ನಾನು ಹಿಂದಿನ ಸೀಟಲ್ಲಿ ಬೆಲ್ಟ್ ಹಾಕಿಕೊಂಡು ಕಿಟಕಿಯಿಂದ ತೆಗೆದೆ. ಸ್ಪೀಡು 38, ಶಟರ್ ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗ. ಅಷ್ಟರಲ್ಲಿ ರಸ್ತೆ ಹಿಂದೆ ಸರಿಯೋದು 35 ಸೆಂಟಿಮೀಟರ್. ಸೆಡಾನಿನ ಚಕ್ರದ ಸುತ್ತಳತೆ ಹತ್ತಿರ ಹತ್ತಿರ ಎರಡು ಮೀಟರ್, ಅಂದರೆ ಚಕ್ರ 63 ಡಿಗ್ರಿ ತಿರುಗುತ್ತೆ. ಐದು ಕಡ್ಡಿಯ ಚಕ್ರದಲ್ಲಿ ಕಡ್ಡಿಯಿಂದ ಕಡ್ಡಿಗೆ 72 ಡಿಗ್ರಿ. ಹಾಗಾಗಿ 38ಕ್ಕೇ ಕಡ್ಡಿಗಳು ಕಾಣದಷ್ಟು ಕಲಸಿಹೋಗ್ತವೆ. ಈ ಕೆಲಸದಲ್ಲಿ ಸ್ಪೀಡು ನಮಗೆ ಶತ್ರು. ಜಾಸ್ತಿ ಹೋದಷ್ಟೂ ಅದುರಾಟ ಜಾಸ್ತಿ, ಕೆಟ್ಟ ಫೋಟೋ ಜಾಸ್ತಿ.

ಒಂದು ಲೆಕ್ಕ ನೋಡಿ. 38ರಲ್ಲಿ ಮೂವತ್ತರಲ್ಲೊಂದು ಸೆಕೆಂಡ್ ತೆಗೆದರೂ, 158ರಲ್ಲಿ ನೂರಾ ಇಪ್ಪತ್ತೈದರಲ್ಲೊಂದು ಸೆಕೆಂಡ್ ತೆಗೆದರೂ ರಸ್ತೆ ಸರಿಯೋದು ಅದೇ 35 ಸೆಂಟಿಮೀಟರ್. ಫೋಟೋ ನೋಡಿ ಯಾವುದು ಯಾವುದು ಅಂತ ಹೇಳೋಕೆ ದೇವರಿಂದಲೂ ಆಗಲ್ಲ.

ಇಷ್ಟು ದಿನ ನನಗೆ ಇದು ಬರೀ ಕೈಚಳಕ ಅನ್ನಿಸಿತ್ತು. ಯುಗಾದಿಗೆ ತುಮಕೂರಿನ ಚಿಕ್ಕಮ್ಮನ ಮನೆಗೆ ಹೋದಾಗ ಹಾಗನ್ನಿಸೋದು ನಿಂತುಹೋಯ್ತು.

ಚಿಕ್ಕಮ್ಮನ ಮಗನಿಗೆ ಹತ್ತೊಂಬತ್ತು, ಡಿಪ್ಲೊಮಾ ಓದ್ತಿದ್ದಾನೆ. ಅಣ್ಣನ ಫೋಟೋ ಬಂದಿದೆ ಅಂತ ಪತ್ರಿಕೆ ಕೊಂಡು, ಆಕ್ಟೇವಿಯಾದ ಪುಟ ಕತ್ತರಿಸಿ ಗೋಡೆಗೆ ಅಂಟಿಸಿದ್ದ. ನನಗೂ ಒಳಗೊಳಗೇ ಖುಷಿ. ಹೋಳಿಗೆ ಊಟ ಆದಮೇಲೆ ಪಕ್ಕಕ್ಕೆ ಕರೆದುಕೊಂಡು ಹೋಗಿ ಕೇಳಿದ.

"ಅಣ್ಣಾ, ನಿಜ ಹೇಳು. ಇದು ಎಷ್ಟಲ್ಲಿತ್ತು? ನೂರಾ ಎಂಬತ್ತು?"

"ಮೂರು."

"ನೂರಾ ಮೂರಾ?"

"ಬರೀ ಮೂರು ಕಣೋ. ತಳ್ತಾ ಇದ್ರು."

"ಹೋಗಣ್ಣಾ, ಆಟ ಆಡಿಸ್ಬೇಡ" ಅಂತ ನಕ್ಕುಬಿಟ್ಟ. ಆಮೇಲೆ ತನ್ನ ಫೋನ್ ತೆಗೆದು ಒಂದು ಫೋಟೋ ತೋರಿಸಿದ. ಶಿರಾ ಕಡೆಯ ಹೈವೇ. ಚಿಕ್ಕಪ್ಪನ ಸ್ವಿಫ್ಟು ಇವನ ಕೈಲಿ, ಪಕ್ಕದಲ್ಲಿ ಗೆಳೆಯನ ಕಾರು, ಅದರ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಇನ್ನೊಬ್ಬ ಫೋನಲ್ಲಿ ತೆಗೆದಿದ್ದು. ಮಟಮಟ ಮಧ್ಯಾಹ್ನ. ಎರಡೂ ಕಾರು 130ರಲ್ಲಿ!

ಫೋಟೋದಲ್ಲಿ ಸ್ವಿಫ್ಟು ಮನೆ ಮುಂದೆ ನಿಲ್ಲಿಸಿದ ಹಾಗಿತ್ತು. ಚಕ್ರದ ಒಂದೊಂದು ಕಡ್ಡಿಯೂ ಎಣಿಸಬಹುದಿತ್ತು. ಯಾಕೆ ಅಂತ ನನಗೆ ತಕ್ಷಣ ಗೊತ್ತಾಯ್ತು. ಬಿಸಿಲಲ್ಲಿ ಫೋನು ತಾನಾಗಿ ಶಟರನ್ನು ತುಂಬ ಚುರುಕು ಮಾಡಿಕೊಳ್ಳುತ್ತೆ. ಸೆಕೆಂಡಿನ ಸಾವಿರದಲ್ಲೊಂದು ಭಾಗ ಅಂತಿಟ್ಟುಕೊಂಡರೂ 130ರಲ್ಲಿ ರಸ್ತೆ ಸರಿಯೋದು ಮೂರೂವರೆ ಸೆಂಟಿಮೀಟರ್ ಚಿಲ್ಲರೆ. ಅದೆಲ್ಲಿ ಕಾಣುತ್ತೆ?

ಅವನಿಗೆ ಅದು ಗೊತ್ತಿಲ್ಲ. ಅವನು ತಗೊಂಡ ತೀರ್ಮಾನ ಬೇರೆ. "ಸ್ಪೀಡ್ ಸಾಲ್ಲಿಲ್ಲ ಅನ್ಸುತ್ತೆ ಅಣ್ಣಾ. ಮುಂದಿನ ವಾರ ನೂರೈವತ್ತು ಟ್ರೈ ಮಾಡ್ತೀವಿ."

ಹೋಳಿಗೆ ಗಂಟಲಲ್ಲೇ ನಿಂತ ಹಾಗಾಯ್ತು. 130ರಲ್ಲಿ ಒಂದು ಸೆಕೆಂಡ್ ಗಮನ ತಪ್ಪಿದರೆ ಕಾರು 36 ಮೀಟರ್ ಹೋಗಿರುತ್ತೆ. ಕಿಟಕಿಯಿಂದ ಹೊರಗಿದ್ದವನು ಯಾರದ್ದೋ ಮನೆ ಮಗ. ಇಷ್ಟಕ್ಕೂ ಅವರು ನಕಲು ಮಾಡ್ತಿದ್ದಿದ್ದು ನನ್ನ ಫೋಟೋವನ್ನ!

ಈಗ ನನ್ನ ವಾದಕ್ಕೆ ಬರ್ತೀನಿ. ಪತ್ರಿಕೆಗಳು ಇಂಥ ಫೋಟೋಗಳ ಕೆಳಗೆ ಒಂದು ಸಾಲು ಹಾಕಬೇಕು: ಕಾರಿನ ಸ್ಪೀಡು ಇಷ್ಟು, ಶಟರ್ ಇಷ್ಟು, ರಿಗ್ಗೋ ರೋಲಿಂಗ್ಗೋ. ಅಷ್ಟೇ. ಫೋಟೋ ಬೇಡ ಅಂತ ನಾನು ಹೇಳ್ತಿಲ್ಲ, ತೆಗೆಯೋನೇ ನಾನು.

"ಸಿನಿಮಾದಲ್ಲಿ ಹೀರೋ ಹತ್ತು ಜನಕ್ಕೆ ಹೊಡೀತಾನೆ, ಅಲ್ಲಿ ಹಗ್ಗ ಕಟ್ಟಿದ್ವಿ ಅಂತ ಬರೀತಾರಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆನೇ. ಆದರೆ ಸಿನಿಮಾ ಸುಳ್ಳು ಅಂತ ಟಿಕೆಟ್ ತಗೊಂಡವನಿಗೆ ಗೊತ್ತಿರುತ್ತೆ. ಪತ್ರಿಕೆಯ ಲೇಖನ ಹಾಗಲ್ಲ. ಅದೇ ಪುಟದಲ್ಲಿ ಅಶ್ವಶಕ್ತಿ, ಟೈರ್ ಅಳತೆ, ಖರ್ಚು ಎಲ್ಲ ನಿಖರವಾಗಿ ಕೊಟ್ಟಿರ್ತಾರೆ. ನಿಜಗಳ ನಡುವೆ ಕೂತ ಫೋಟೋನೂ ನಿಜ ಅಂತ ಓದುವವನು ನಂಬಿದರೆ ಅವನ ತಪ್ಪೇನು? ಇನ್ನೊಂದು ತಮಾಷೆ ನೋಡಿ. ನಮ್ಮ ಜಾಹೀರಾತುಗಳಿಗೆ ಎಎಸ್‌ಸಿಐ ಅನ್ನೋ ಮಂಡಳಿಯ ನಿಯಮ ಇದೆ. ವಾಹನದ ಜಾಹೀರಾತಲ್ಲಿ ಸ್ಟಂಟ್ ತೋರಿಸಿದರೆ ಓದೋಕೆ ಆಗೋ ಹಾಗೆ ಎಚ್ಚರಿಕೆಯ ಸಾಲು ಹಾಕಬೇಕು. ಕಾರು ಮಾರೋ ಕಂಪನಿಯೇ ಒಂದು ಸಾಲು ಬರೆಯುತ್ತೆ, ಓದುಗರ ಪರ ಅಂತ ಹೇಳಿಕೊಳ್ಳೋ ಪತ್ರಿಕೆ ಬರೆಯಲ್ಲ.

ಹಾಗಂತ ಅವರು ಅಜಾಗರೂಕರು ಅಂದುಕೊಳ್ಳಬೇಡಿ. ಒಂದು ವಿಷಯದಲ್ಲಿ ಬಹಳ ಜಾಗ್ರತೆ. "ನಂಬರ್ ಪ್ಲೇಟ್ ಎಲ್ಲ ಅಳಿಸಿ ಕಳಿಸಿ" ಅಂತ ಎರಡೆರಡು ಸಲ ಹೇಳಿದ್ದರು. ಕಾರಣ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆ ಆಗದ ಹಾಗೆ ಕಾರನ್ನು ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯಲ್ಲಿ ಒಂದೊಂದು ಅಕ್ರಮ ಬದಲಾವಣೆಗೂ ಐದು ಸಾವಿರ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಓನರಿಗೆ ತೊಂದರೆ ಆಗಬಾರದು ಅಂತ ಪ್ಲೇಟ್ ಅಳಿಸ್ತೀವಿ. ನಾನೂ ಅಳಿಸಿದ್ದೀನಿ, ನಾನೇನು ಸಾಚಾ ಅಲ್ಲ. ನನ್ನ ಪ್ರಶ್ನೆ ಇಷ್ಟೇ: ಓನರನ್ನು ಕಾಪಾಡೋಕೆ ಅಷ್ಟು ಅಕ್ಷರ ಅಳಿಸುವವರಿಗೆ, ಓದುವ ಹುಡುಗನನ್ನು ಕಾಪಾಡೋಕೆ ನಾಲ್ಕು ಅಕ್ಷರ ಸೇರಿಸೋಕೆ ಏನು ಕಷ್ಟ?

ಈ ಸ್ಪೀಡಿನ ಭ್ರಮೆಯಿಂದ ಇನ್ನೊಬ್ಬರಿಗೂ ಅನ್ಯಾಯ ಆಗುತ್ತೆ, ಕಾರನ್ನು ಕಷ್ಟಪಟ್ಟು ಕಟ್ಟಿದವರಿಗೆ. ಆ ಹೋಂಡಾ ಸಿಟಿ ಹುಡುಗ ಎಂಜಿನ್ ಮುಟ್ಟೋ ಮುಂಚೆ ಎರಡು ವರ್ಷ ಬರೀ ಬ್ರೇಕು, ಸಸ್ಪೆನ್ಷನ್ನಿಗೆ ಖರ್ಚು ಮಾಡಿದ್ದಾನೆ. ಮುಂದಿನ ಡಿಸ್ಕ್ ದೊಡ್ಡದು ಮಾಡಿಸಿ, ಬ್ರೇಕ್ ಪೈಪುಗಳನ್ನು ಸ್ಟೀಲ್ ಹೆಣಿಗೆಯದಕ್ಕೆ ಬದಲಿಸಿ, ರಬ್ಬರ್ ಬುಷ್ಷುಗಳನ್ನೆಲ್ಲ ಹೊಸದು ಹಾಕಿಸಿದ್ದಾನೆ. "ಮೊದಲು ನಿಲ್ಲೋದು ಕಲೀಬೇಕು ಸಾರ್, ಆಮೇಲೆ ಓಡೋದು" ಅಂದ. ಎಂಥ ಮಾತು! ಕಾರನ್ನು ಜಾಕಿ ಮೇಲೆ ಎತ್ತಿಸಿ, ಚಕ್ರ ಬಿಚ್ಚಿಸಿ, ಅದರ ಫೋಟೋನೂ ತೆಗೆದೆ. ಚಕ್ರದ ಗೂಡಿನಲ್ಲಿ ಗ್ರೀಸು ಮೆತ್ತಿದ ಅವನ ಕೈ, ಹೊಳೆಯೋ ಡಿಸ್ಕು. ನನ್ನ ಪ್ರಕಾರ ಆವತ್ತಿನ ಅತ್ಯುತ್ತಮ ಫೋಟೋ ಅದೇ. ಅಚ್ಚಾಗಲಿಲ್ಲ. "ನಿಂತಿರೋ ಕಾರು ಯಾರು ನೋಡ್ತಾರೆ?" ಅಂದರು. ಹಾರೋ ಕಾರನ್ನು ನಾಲ್ಕು ಜನ ತಳ್ಳಿದ್ದು ಅವರಿಗೂ ಗೊತ್ತಿತ್ತು!

ಊರಿಂದ ಬಂದಮೇಲೆ ಸಂಪಾದಕರಿಗೆ ಮೇಲ್ ಬರೆದೆ. "ಒಳ್ಳೆ ಯೋಚನೆ, ಆದರೆ ಸ್ಪೀಡ್ ಬರೆದರೆ ಫೋಟೋದ ಮಜಾ ಹೋಗುತ್ತೆ" ಅಂತ ಉತ್ತರ ಬಂತು. ಇನ್ನು ಮುಂದೆ ಆ ಸಾಲಿಲ್ಲದೆ ನನ್ನ ರೋಲಿಂಗ್ ಫೋಟೋ ಕೊಡಲ್ಲ ಅಂತ ಬರೆದೆ. ಆಮೇಲೆ ಕೆಲಸ ಬಂದಿಲ್ಲ. ಇರಲಿ, ಹೊಟ್ಟೆಪಾಡಿಗೆ ಕೋಡು ಇದೆ.

ಮಜಾ ಹೋಗುತ್ತೆ ಅನ್ನೋದು ನಿಜವಾ? ಯುಗಾದಿ ಮರುದಿನ ಬೆಳಕು ಹರಿಯೋ ಹೊತ್ತಿಗೆ ತಮ್ಮನನ್ನು ಎಬ್ಬಿಸಿ ಊರಾಚೆಯ ಖಾಲಿ ರಸ್ತೆಗೆ ಕರೆದುಕೊಂಡು ಹೋದೆ. ಅವನನ್ನು ರಸ್ತೆಯಿಂದ ದೂರ ನಿಲ್ಲಿಸಿ, ಫೋನಿನ ಪ್ರೊ ಮೋಡಲ್ಲಿ ಶಟರನ್ನು ಮೂವತ್ತರಲ್ಲೊಂದಕ್ಕೆ ಇಟ್ಟು, "ಕಾರಿನ ಜೊತೆಗೇ ಫೋನ್ ತಿರುಗಿಸ್ತಾ ಒತ್ತು" ಅಂದೆ. ನಾನು ಸ್ವಿಫ್ಟು ಓಡಿಸಿದೆ. ಸ್ಪೀಡು 25. ಹತ್ತು ಸಲ ಹೋಗಿ ಬಂದಿರಬೇಕು. ಹನ್ನೊಂದನೇ ಸಲಕ್ಕೆ ಸಿಕ್ಕಿತು. ಚಿಕ್ಕಪ್ಪನ ಹಳೇ ಸ್ವಿಫ್ಟು ಸ್ಪಷ್ಟ, ಹಿಂದಿನ ಬೇಲಿ ಪೂರ್ತಿ ಗೆರೆ.

ಸುಮಾರು ಹೊತ್ತು ಫೋನ್ ನೋಡ್ತಾ ನಿಂತಿದ್ದ.

"ಇಷ್ಟೇನಾ ಅಣ್ಣಾ?"

"ಇಷ್ಟೇ ಕಣೋ."

ಆಗ ಆ ಮುಖದಲ್ಲಿದ್ದಿದ್ದು ನಿರಾಸೆ ಅಲ್ಲ, ಹೊಸ ಆಟ ಸಿಕ್ಕ ಖುಷಿ. ಮನೆಗೆ ಬರೋ ದಾರಿಯಲ್ಲಿ ಗೆಳೆಯನಿಗೆ ಫೋನ್ ಮಾಡಿ, "ಲೋ, ನೂರೈವತ್ತು ಬೇಡ್ವಂತೆ, ಇಪ್ಪತ್ತೈದು ಸಾಕಂತೆ" ಅಂತಿದ್ದ. ಗುಟ್ಟು ಬಿಟ್ಟುಕೊಟ್ಟರೆ ಮಜಾ ಹೋಗುತ್ತೆ ಅಂದವರು ಅವನ ಮುಖ ನೋಡಬೇಕಿತ್ತು.

ಮುಂದಿನ ಸಲ ಅಂಥ ಫೋಟೋ ನೋಡಿದಾಗ ನಿಮ್ಮ ಮನೆಯಲ್ಲೂ ಹತ್ತೊಂಬತ್ತರ ಹುಡುಗನಿದ್ದರೆ, ಕಾರನ್ನು ಹಿಂದೆ ನಾಲ್ಕು ಜನ ತಳ್ತಾ ಇರಬಹುದು ಅಂತ ಒಂದು ಮಾತು ಹೇಳಿಬಿಡಿ. ಪತ್ರಿಕೆಯವರು ಹೇಳೋವರೆಗೂ ನಾವೇ ಹೇಳಬೇಕು, ಅಲ್ಲವಾ?