ಕೂಗಾಟಕ್ಕೆ ಸಾವಿರ ಬಾಗಿಲು, ಚರ್ಚೆಗೆ ಒಂದು ಕಟ್ಟೆಯೂ ಇಲ್ಲ!

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಯಿತು, ಗೇಟು ಕೊಚ್ಚಿಹೋಯಿತು. ತುಂಬಿ ನಿಂತಿದ್ದ ನೀರು ಹೊಳೆಗೆ ಧುಮುಕಿತು. ಅದರ ಬೆನ್ನಿಗೇ ಇನ್ನೊಂದು ಪ್ರವಾಹವೂ ಹೊರಟಿತು. ಅದು ವಾಟ್ಸಾಪ್ ಸಂದೇಶಗಳ ಪ್ರವಾಹ. ಅಣೆಕಟ್ಟೇ ಹೋಯಿತೆಂದು ಒಬ್ಬ, ಏನೂ ಆಗಿಲ್ಲವೆಂದು ಇನ್ನೊಬ್ಬ, ಇದೆಲ್ಲ ಆ ಪಕ್ಷದವರ ಪಾಪವೆಂದು ಮತ್ತೊಬ್ಬ! ಹೊಸಪೇಟೆಯ ಹಮಾಲರಿಂದ ಕಂಪ್ಲಿಯ ಅಕ್ಕಿ ಗಿರಣಿಯ ಕೆಲಸಗಾರರವರೆಗೆ ಆ ವಾರ ನಿದ್ದೆಗೆಟ್ಟವರು ಎಷ್ಟು ಜನ!

ಜನರಿಗೆ ಬೇಕಾಗಿದ್ದುದು ಮೂರೇ ಪ್ರಶ್ನೆಗಳಿಗೆ ಉತ್ತರ. ಕಂಪ್ಲಿಯ ಸೇತುವೆ ಮುಳುಗುತ್ತದೆಯೇ? ಬೆಳೆಗೆ ನೀರು ಉಳಿಯುತ್ತದೆಯೇ? ಆ ಸರಪಳಿಯ ಉಸ್ತುವಾರಿ ಯಾರ ಹೊಣೆ? ಈ ಪ್ರಶ್ನೆಗಳನ್ನು ಬಲ್ಲವರು ನಮ್ಮಲ್ಲಿ ಇರಲಿಲ್ಲವೇ? ಇದ್ದರು. ಕಾಲುವೆಯಲ್ಲಿ ದುಡಿದವರಿದ್ದರು, ನಿವೃತ್ತ ಇಂಜಿನಿಯರರಿದ್ದರು. ಆದರೆ ಅವರು ಬರೆದ ನಾಲ್ಕು ಸಾಲು ನೂರು ಹಾರೈಕೆಯ ಚಿತ್ರಗಳ ಕೆಳಗೆ ಹೂತುಹೋಯಿತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಪ್ರಾಣ ಪಣಕ್ಕಿಟ್ಟು, ಹರಿಯುವ ನೀರಿನಲ್ಲೇ ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದರು. ಮುಂದೆ 33 ಗೇಟುಗಳನ್ನೂ ಬದಲಿಸಬೇಕೆಂಬ ತೀರ್ಮಾನವಾಯಿತು. 2025ರಲ್ಲಿ 80 ಟಿಎಂಸಿ ಅಡಿಗಿಂತ ಹೆಚ್ಚು ನೀರು ನಿಲ್ಲಿಸಬಾರದೆಂದಾಯಿತು. ಅನ್ನದ ಬಟ್ಟಲಿಗೇ ಕೈ ಹಾಕುವ ಇಷ್ಟು ದೊಡ್ಡ ಸಂಗತಿಯ ಬಗ್ಗೆ ಈ ಸೀಮೆಯ ಜನ ಒಂದೆಡೆ ಕೂಡಿ, ಕಾರಣಕ್ಕೆ ಕಾರಣ ಜೋಡಿಸಿ ವಾದಿಸಿದ್ದೇ ಇಲ್ಲ. ಕೂಗಾಡಿದ್ದೇವೆ, ಚರ್ಚಿಸಿಲ್ಲ.

ತಪ್ಪು ಜನರದೇ? ನಾವು ಒಪ್ಪುವುದಿಲ್ಲ. ತಪ್ಪು ಉಪಕರಣದ್ದು, ಅದನ್ನು ಕಟ್ಟಿದವರ ಉದ್ದೇಶದ್ದು.

ಗುಂಡಿಯೂ ಒಂದು ಶಾಸನ

2014ರಲ್ಲಿ ಫೇಸ್‌ಬುಕ್ ಕಂಪನಿ ಸುಮಾರು 1,900 ಕೋಟಿ ಡಾಲರ್ ಸುರಿದು ವಾಟ್ಸಾಪನ್ನು ಕೊಂಡಿತು. ಸಂಡೂರಿನ ಲಾರಿ ಚಾಲಕನೂ ಹಂಪಿಯ ಎಳನೀರು ವ್ಯಾಪಾರಿಯೂ ಜ್ಞಾನವಂತರಾಗಲಿ ಎಂಬ ಕರುಣೆಯಿಂದಲೇ? ಜನ ಎಷ್ಟು ಹೊತ್ತು ಪರದೆಗೆ ಅಂಟಿಕೊಂಡಿದ್ದರೆ ಅಷ್ಟು ಲಾಭ. ಇದು ಆ ವ್ಯಾಪಾರದ ಮೂಲಮಂತ್ರ. ಆದ್ದರಿಂದಲೇ ಬಂದದ್ದನ್ನು ಮುಂದಕ್ಕೆ ದಾಟಿಸಲು ಅಲ್ಲಿ ಗುಂಡಿಯಿದೆ; 'ಇದಕ್ಕೆ ಆಧಾರವೇನು?' ಎಂದು ಕೇಳಲು ಗುಂಡಿಯಿಲ್ಲ. ಸಿಟ್ಟು ತೋರಿಸಲು ಚಿಹ್ನೆಯಿದೆ. ಹೋದ ವರ್ಷ ಇದೇ ಪ್ರಶ್ನೆಗೆ ಏನು ಉತ್ತರ ಬಂದಿತ್ತೆಂದು ಜೋಡಿಸಿ ತೋರಿಸುವ ದಾರಿಯಿಲ್ಲ.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಸಂದೇಶ ನಂಬಿದ ಗುಂಪು ಹೈದರಾಬಾದಿನ ಒಬ್ಬ ಯುವಕನನ್ನು ಬಡಿದು ಕೊಂದಿತು. ದೇಶದಲ್ಲಿ ಇಂಥ ಸಾವುಗಳು ಸಾಲುಗಟ್ಟಿದ ಮೇಲೆ, ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದೆಂಬ ಮಿತಿಯನ್ನು ಕಂಪನಿ ಅದೇ ತಿಂಗಳು ಭಾರತಕ್ಕೆ ಪ್ರಕಟಿಸಿತು. ನೋಡಿ, ಒಂದು ಗುಂಡಿಯ ತಿದ್ದುಪಡಿ ಶಾಸನದಷ್ಟೇ ಬಲವುಳ್ಳದ್ದು! ಹಾಗಾದರೆ ಈ ಶಾಸನ ಬರೆಯುವವರು ಯಾರು? ನಾವು ಚುನಾಯಿಸಿದವರಲ್ಲ; ನಮ್ಮ ಊರಿನ ಹೆಸರೂ ಕೇಳದವರು.

ಇನ್ನು ಸರ್ಕಾರದ ಮದ್ದೇನು? 2025ರ ಜೂನ್‌ನಲ್ಲಿ ಹೊರಬಿದ್ದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡಿನಲ್ಲಿ ಏಳು ವರ್ಷದವರೆಗೆ ಸೆರೆವಾಸವಿತ್ತು. ಯಾವುದು ಸುಳ್ಳೆಂದು ತೀರ್ಮಾನಿಸುವ ಅಧಿಕಾರವನ್ನು ಆಳುವವರ ಕೈಗೇ ಕೊಟ್ಟರೆ ಮೊದಲು ಸೆರೆಮನೆ ಸೇರುವವನು ಸುಳ್ಳು ಹಬ್ಬಿಸಿದ ದೊಡ್ಡವನಲ್ಲ, ಪ್ರಶ್ನೆ ಕೇಳಿದ ಬಡವ. ಒಂದು ಕಡೆ ಕಂಪನಿಯ ಗುಂಡಿ, ಇನ್ನೊಂದು ಕಡೆ ಪೊಲೀಸನ ಲಾಠಿ. ಈ ಎರಡರ ನಡುವೆ ಮೂರನೆಯ ದಾರಿ ಇಲ್ಲವೇ?

ಇದೆ. ಪ್ರವಾಹಕ್ಕೆ ಮದ್ದು ಬರಿಯ ಗೇಟಲ್ಲ, ಕಾಲುವೆ. ಮಾತನ್ನು ತಡೆಯುವುದು ಬೇಡ, ಅದು ಹೊಲಕ್ಕೆ ಹರಿಯುವಂತೆ ಕಾಲುವೆ ತೋಡಬೇಕು.

ದೇವದಾರಿಯ ಪ್ರಶ್ನೆ

ಕಾಲುವೆ ಎಂದರೆ ಏನು? ಸಂಡೂರಿನ ದೇವದಾರಿ ಗುಡ್ಡವನ್ನೇ ತೆಗೆದುಕೊಳ್ಳಿ. ಕುದುರೆಮುಖ ಕಂಪನಿಯ ಗಣಿಗಾಗಿ ಸುಮಾರು 99 ಸಾವಿರ ಮರ ಉರುಳಬೇಕಾಗುತ್ತದೆಂಬ ಸುದ್ದಿ 2024ರಲ್ಲಿ ದೊಡ್ಡದಾಯಿತು. ಒಂದು ಗುಂಪಿನಲ್ಲಿ ಕಾಡು ಉಳಿಸಿರೆಂಬ ಕೂಗು. ಇನ್ನೊಂದರಲ್ಲಿ ಕೆಲಸ ಕೊಡಿರೆಂಬ ಕೂಗು. ಒಂದು ಗುಂಪಿನ ಮಾತು ಇನ್ನೊಂದಕ್ಕೆ ಕೇಳಿಸುವುದೇ ಇಲ್ಲ. ಸುಪ್ರೀಂ ಕೋರ್ಟು 2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಕೂಲಿ ಕಳೆದುಕೊಂಡವನ ಹಸಿವೂ ಸುಳ್ಳಲ್ಲ. ಕೆಂಪು ಧೂಳು ತಿಂದು ಬೆಳೆ ಕಳೆದುಕೊಂಡ ರೈತನ ಗೋಳೂ ಸುಳ್ಳಲ್ಲ. ಇಬ್ಬರೂ ದುಡಿಯುವವರು. ಅವರು ಮುಖಾಮುಖಿಯಾಗದಿದ್ದರೆ ಲಾಭ ಯಾರಿಗೆ?

1970ರಲ್ಲಿ ಹಾರ್ಸ್ಟ್ ರಿಟ್ಟೆಲ್ ಮತ್ತು ವರ್ನರ್ ಕುಂಜ್ ಎಂಬಿಬ್ಬರು ಇಂಥ ಜಟಿಲ ಸಮಸ್ಯೆಗಳಿಗಾಗಿ ಒಂದು ಸರಳ ಪದ್ಧತಿಯನ್ನು ಮುಂದಿಟ್ಟರು. ಮೊದಲು ಪ್ರಶ್ನೆ. ಪ್ರಶ್ನೆಯ ಕೆಳಗೆ ನಿಲುವುಗಳು. ಪ್ರತಿಯೊಂದು ನಿಲುವಿನ ಕೆಳಗೆ ಪರವಾದ ಕಾರಣ, ವಿರೋಧವಾದ ಕಾರಣ. ಒಂದು ಕಾರಣದಿಂದ ಹೊಸ ಪ್ರಶ್ನೆ ಹುಟ್ಟಿದರೆ ಅದನ್ನೂ ಅಲ್ಲಿಗೇ ಗಂಟು ಹಾಕುವುದು. ಕಿರಾಣಿ ಅಂಗಡಿಯ ಖಾತೆ ಪುಸ್ತಕದಂತೆ ಇದು: ಯಾರ ಲೆಕ್ಕ ಯಾವ ಪುಟದಲ್ಲಿದೆಯೆಂದು ಯಾರು ಬೇಕಾದರೂ ತೆರೆದು ನೋಡಬಹುದು. 'ಗಣಿ ಬೇಕೇ?' ಎಂಬ ಪ್ರಶ್ನೆಯ ಕೆಳಗೆ 'ಕೆಲಸ ಸಿಗುತ್ತದೆ' ಎಂದು ಬರೆದವನಿಗೆ 'ಎಷ್ಟು ಜನಕ್ಕೆ? ಕಾಯಮ್ಮೋ ಗುತ್ತಿಗೆಯೋ?' ಎಂಬ ಪ್ರಶ್ನೆ ಅಲ್ಲೇ ಕಾದಿರುತ್ತದೆ. ಜಾರಿಕೊಳ್ಳಲು ಎಡೆಯಿಲ್ಲ.

ಇದು ಪರದೇಶದ ಸರಕಲ್ಲ

ಇದು ನಮಗೆ ಹೊಸತೆಂದು ಯಾರಾದರೂ ಹೇಳಿದರೆ ಅವರಿಗೆ ಹಂಪಿಯ ಚರಿತ್ರೆ ತಿಳಿಯದು. ಪ್ರೌಢದೇವರಾಯನ ಕಾಲದಲ್ಲಿ ಇದೇ ವಿಜಯನಗರದಲ್ಲಿ ನೂರೊಂದು ವಿರಕ್ತರು ಚದುರಿಹೋಗಿದ್ದ ವಚನಗಳನ್ನು ಕೂಡಿಹಾಕಿದರೆಂದು ಪರಂಪರೆ ಹೇಳುತ್ತದೆ. ಶಿವಗಣಪ್ರಸಾದಿ ಮಹಾದೇವಯ್ಯನು ಅಲ್ಲೊಂದು ಇಲ್ಲೊಂದು ಬಿದ್ದಿದ್ದ ವಚನಗಳನ್ನು ಪ್ರಶ್ನೆಗೆ ಉತ್ತರವಾಗಿ, ಉತ್ತರಕ್ಕೆ ಮರುಪ್ರಶ್ನೆಯಾಗಿ ಜೋಡಿಸಿ ಶೂನ್ಯಸಂಪಾದನೆ ಕಟ್ಟಿದನು. ಬಿಡಿ ಮಾತುಗಳು ಮಹಾಸಂವಾದವಾದವು. ಅಲ್ಲಿ ಅಲ್ಲಮನೂ ಪ್ರಶ್ನೆಗೆ ಅತೀತನಲ್ಲ. ಅಕ್ಕಮಹಾದೇವಿಯೂ ಉತ್ತರ ಕೊಟ್ಟೇ ಸಭೆಯನ್ನು ಗೆದ್ದವಳು. ಮುಂದೆ ಬೇರೆಯವರು ಅದನ್ನು ಮತ್ತೆ ಮತ್ತೆ ತಿದ್ದಿ ಬೆಳೆಸಿದರು. ಚದುರಿದ ವಿಚಾರಗಳನ್ನು ಜೋಡಿಸುವ ವಿದ್ಯೆ ಈ ಮಣ್ಣಿನದೇ.

ಹಳೆಯ ಅರಳಿಕಟ್ಟೆಯನ್ನು ನಾವು ಹೊಗಳುತ್ತಿಲ್ಲ. ಆ ಕಟ್ಟೆಯ ಮೇಲೆ ಹೆಂಗಸಿಗೆ ಜಾಗವಿರಲಿಲ್ಲ. ದಲಿತನು ಕೆಳಗೇ ನಿಲ್ಲಬೇಕಾಗಿತ್ತು. ನಮಗೆ ಬೇಕಾದದ್ದು ಎಲ್ಲರೂ ಕೂರುವ ಹೊಸ ಕಟ್ಟೆ.

ಹೊರಗಿನ ಪ್ರಪಂಚದಲ್ಲಿ ಇಂಥ ಕಟ್ಟೆಗಳನ್ನು ಕಟ್ಟಿದ್ದಾರೆ. 2015ರಲ್ಲಿ ತೈವಾನಿನಲ್ಲಿ ಊಬರ್ ಕಂಪನಿಗೂ ಟ್ಯಾಕ್ಸಿ ಚಾಲಕರಿಗೂ ಜಗಳ ಹತ್ತಿದಾಗ ಪೋಲಿಸ್ ಎಂಬ ಉಪಕರಣವನ್ನು ಬಳಸಿದರು. (ಹೆಸರು ಕೇಳಿ ಬೆಚ್ಚಬೇಡಿ, ಇದು ಠಾಣೆಯದಲ್ಲ!) ಅದರಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ನೇರವಾಗಿ ತಿರುಗೇಟು ಕೊಡುವ ಗುಂಡಿಯೇ ಇಲ್ಲ. ಒಪ್ಪುತ್ತೇನೆ, ಒಪ್ಪುವುದಿಲ್ಲ, ಇಲ್ಲವೇ ಬಿಟ್ಟುಬಿಡುತ್ತೇನೆ, ಇಷ್ಟೇ. ಎದುರಾಳಿ ಗುಂಪುಗಳೆರಡೂ ಒಪ್ಪುವ ಮಾತು ಯಾವುದೆಂಬುದನ್ನು ಅದು ಎತ್ತಿ ತೋರಿಸುತ್ತದೆ. ಪ್ರಯಾಣಿಕರ ವಿಮೆಯಂಥ ವಿಷಯಗಳಲ್ಲಿ ಒಮ್ಮತ ಮೂಡಿತು. ನ್ಯೂಜಿಲೆಂಡಿನಲ್ಲಿ 2012ರ ಹೊತ್ತಿಗೆ ಚಳವಳಿಯಿಂದ ಬಂದವರು ಲೂಮಿಯೋ ಎಂಬ ಉಪಕರಣ ಕಟ್ಟಿದರು. ಅದರ ಒಡೆಯರು ಅದರಲ್ಲಿ ದುಡಿಯುವವರೇ, ಸಹಕಾರಿ ಸಂಘದ ರೀತಿಯಲ್ಲಿ. ಬಾರ್ಸಿಲೋನಾ ನಗರಸಭೆ 2016ರಲ್ಲಿ ಡೆಸಿಡಿಮ್ ಎಂಬುದನ್ನು ಆರಂಭಿಸಿ, ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಲು ಬಿಟ್ಟುಕೊಟ್ಟಿತು. ಬಾರ್ಸಿಲೋನಾಕ್ಕೆ ಆದದ್ದು ಹೊಸಪೇಟೆಗೆ ಏಕಾಗದು?

ನಮ್ಮ ಕಟ್ಟೆ ಹೇಗಿರಬೇಕು?

ಮೊದಲನೆಯದು, ಅದು ಕನ್ನಡದಲ್ಲಿರಬೇಕು. ಬರೆಯಲು ಬಾರದವರು ಬಾಯಿಮಾತಿನಲ್ಲೇ ವಾದ ಮಂಡಿಸುವಂತಿರಬೇಕು. ಅಗ್ಗದ ಫೋನಿನಲ್ಲೂ ನಡೆಯಬೇಕು.

ಎರಡನೆಯದು, ಪ್ರಶ್ನೆ ಹೂತುಹೋಗಬಾರದು. ಉತ್ತರ ಬರುವವರೆಗೆ ಅದು ಎಲ್ಲರ ಕಣ್ಣೆದುರು ನಿಂತಿರಬೇಕು. ಇಂಥ ಅಧಿಕಾರಿ ಇನ್ನೂ ಉತ್ತರಿಸಿಲ್ಲವೆಂಬುದೂ ಕಾಣುತ್ತಿರಬೇಕು.

ಮೂರನೆಯದು, ಗುತ್ತಿಗೆ ಕಾರ್ಮಿಕನಿಗೆ ಹೆಸರು ಮರೆಸುವ ಹಕ್ಕಿರಬೇಕು. ಸೂಪರ್‌ವೈಸರನೂ ಇರುವ ಗುಂಪಿನಲ್ಲಿ ಯಾವ ಕೂಲಿಕಾರ ತಾನೆ ನಿಜ ಹೇಳಿಯಾನು? ಹೆಸರು ಬೇಡ, ಕಾರಣ ಬೇಕು, ಆಧಾರ ಬೇಕು.

ನಾಲ್ಕನೆಯದು, ಅದು ಜಿಲ್ಲೆಯ ಗೆರೆ ದಾಟಬೇಕು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಈಚೆಗಾದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹೊಳೆಗೂ ಧೂಳಿಗೂ ಈ ಗೆರೆ ಗೊತ್ತಿದೆಯೇ?

ಐದನೆಯದು, ನಿಯಮ ಮಾಡುವವರನ್ನು ಬಳಸುವವರೇ ಆರಿಸಬೇಕು, ಬೇಡವೆನಿಸಿದಾಗ ಇಳಿಸಬೇಕು. ಜಾಹೀರಾತಿಗೆ ಅಲ್ಲಿ ಎಡೆಯಿರಬಾರದು.

ಹಣ ಎಲ್ಲಿಂದ ಎಂದು ಕೇಳುವವರಿದ್ದಾರೆ. ಉಪಕರಣಗಳು ಬಿಟ್ಟಿಯಾಗಿಯೇ ಸಿಗುತ್ತವೆ. 1991ರಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯ ಹಂಪಿಯಲ್ಲಿದೆ; ಭಾಷೆಯ ಕೆಲಸ ಅದಕ್ಕಲ್ಲದೆ ಯಾರಿಗೆ? ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿವೆ. ಕಾರ್ಮಿಕ ಸಂಘಗಳಿವೆ, ವರ್ತಕರ ಸಂಘಗಳಿವೆ. ಇಲ್ಲದಿರುವುದು ಹಣವಲ್ಲ, ಹಟ.

ಚಿಕ್ಕ ವ್ಯಾಪಾರಿಗಳು ಇದು ತಮ್ಮ ವಿಷಯವಲ್ಲವೆಂದು ಕೈತೊಳೆದುಕೊಳ್ಳಬಾರದು. 2011ರಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಅಂಗಡಿ ಮನೆಗಳ ಮೇಲೆ ಬುಲ್ಡೋಜರು ಹರಿದಾಗ ಅಲ್ಲಿನವರ ವಾದವನ್ನು ಊರೆಲ್ಲ ಕೇಳುವಂತೆ ಇಟ್ಟಿದ್ದ ಜಾಗ ಯಾವುದು? ತೆರವಿನ ನೋಟೀಸು ಹೊಸಪೇಟೆಯ ತಳ್ಳುಗಾಡಿಗೂ ಒಂದು ದಿನ ಬರಬಹುದು. ಆಗ ಕಟ್ಟೆ ಹುಡುಕುವುದು ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ.

ಬಂಧುಗಳೇ, ಒಂದೇ ಒಂದು ಪ್ರಶ್ನೆಯಿಂದ ಆರಂಭಿಸೋಣ: ಅಣೆಕಟ್ಟಿನ ಹೊಸ ಗೇಟುಗಳ ಉಸ್ತುವಾರಿಯ ಲೆಕ್ಕವನ್ನು ಜನರೆದುರು ಇಡುವವರು ಯಾರು? ನಾಲ್ಕೂ ಊರಿನ ಸಂಘಗಳು ಕೂಡಿ ಈ ಪ್ರಶ್ನೆಯನ್ನು ಬರೆದು ನಿಲ್ಲಿಸಲಿ. ಅದರ ಕೆಳಗೆ ನಿಲುವುಗಳು ಬರಲಿ, ಕಾರಣಗಳು ಬರಲಿ, ದಾಖಲೆಗಳು ಬರಲಿ. ಕೂಗುವ ಜನರನ್ನು ಆಳುವವರು ಲೆಕ್ಕಿಸುವುದಿಲ್ಲ. ಕಾರಣ ಕೂಡಿಟ್ಟುಕೊಂಡ ಜನರಿಗೆ ಅವರು ಉತ್ತರ ಕೊಡಲೇಬೇಕಾಗುತ್ತದೆ.